ಹೊಟ್ಟೆ ತುಂಬಿದವರಿಗೆ ವೇದ ಓದಿದ್ದು

ತರಬೇತಿ ಶಾಲೆಯಲ್ಲಿ ನಮಗೆ ಎಲ್ಲವನ್ನೂ ಕಲಿಸಿದರು, ಒಂದನ್ನು ಬಿಟ್ಟು. ಸಾವಿನ ಮನೆಯಲ್ಲಿ ಯಾವ ಕೀರ್ತನೆ ಓದಬೇಕು, ಬಾಣಂತಿಯ ಹತ್ತಿರ ಎಷ್ಟು ಹೊತ್ತು ಕೂರಬೇಕು, ಗಂಡ ಕುಡಿದು ಹೊಡೆಯುವ ಹೆಂಗಸಿಗೆ ಏನು ಹೇಳಬೇಕು, ಏನು ಹೇಳಬಾರದು, ಎಲ್ಲ ಕಲಿಸಿದರು. ಹೊಟ್ಟೆ ತುಂಬಿ, ಮನೆಗೆ ಹೆಂಚು ಹೊದಿಸಿ, ಆರೋಗ್ಯವಾಗಿ ನಗುತ್ತಾ ಕೂತವರ ಮುಂದೆ ಏನು ಓದಬೇಕು ಎಂದು ಮಾತ್ರ ಯಾರೂ ಹೇಳಿಕೊಡಲಿಲ್ಲ. ಈಗ ಈ ಕೆಲಸಕ್ಕೆ ಸೇರುವ ಹುಡುಗಿಯರು ನನ್ನ ಹತ್ತಿರ ಬಂದು, "ಅಮ್ಮಾ, ಕಷ್ಟದ ಮನೆಗೆ ಹೋದಾಗ ಹೇಗೆ ಮಾತಾಡೋದು?" ಎಂದು ಕೇಳುತ್ತಾರೆ. ಕಷ್ಟದ ಮನೆ ಸುಲಭ ಕಣ್ರಮ್ಮ. ಸುಖದ ಮನೆಯೇ ಕಷ್ಟ. ಅದನ್ನು ಬಾಯಲ್ಲಿ ಹೇಳಿದರೆ ನಗುತ್ತಾರೆ, ಅದಕ್ಕೇ ಕೂತು ಬರೆಯುತ್ತಿದ್ದೇನೆ.

ನನ್ನ ಕೆಲಸದ ಹೆಸರು ಬೈಬಲ್ ವುಮನ್. ಹೆಸರು ಇಂಗ್ಲಿಷಿನದಾದರೂ ಕೆಲಸ ಅಪ್ಪಟ ಹಳ್ಳಿಯದು. ಚರ್ಚಿನ ಸಭೆಯ ಸಂಬಳ ತೆಗೆದುಕೊಂಡು ಊರೂರು ತಿರುಗಿ, ಓದು ಬಾರದ ಹೆಂಗಸರ ಜಗಲಿಯ ಮೇಲೆ ಕೂತು, ಅವರು ಅವರೆಕಾಯಿ ಸುಲಿಯುತ್ತಿದ್ದರೆ ನಾನೂ ಸುಲಿಯುತ್ತಾ ಸತ್ಯವೇದವನ್ನು ಓದಿ ಹೇಳುವುದು. ನಮ್ಮ ಕ್ರೈಸ್ತರ ಬಾಯಲ್ಲಿ ಸತ್ಯವೇದ ಬರೀ ವೇದ, ಹಾಗಾಗಿ ನಾನು ಎಲ್ಲರಿಗೂ ವೇದದಮ್ಮ. ಅರವತ್ತರ ದಶಕದ ಮೊದಲಲ್ಲಿ ಹುಣಸೂರಿಗೆ ಬಂದು ಬಾಡಿಗೆಗೆ ಒಂದು ಕೋಣೆ ಹಿಡಿದೆ. ಅಲ್ಲಿಂದ ಪಿರಿಯಾಪಟ್ಟಣ, ಕೆ.ಆರ್. ನಗರ, ಕೋಟೆ ತಾಲ್ಲೂಕು, ಎಲ್ಲ ಕಡೆಯೂ ನನ್ನ ಚಪ್ಪಲಿ ಸವೆದಿದೆ. ಬಸ್ಸಿದ್ದರೆ ಬಸ್ಸು, ಇಲ್ಲದಿದ್ದರೆ ಎತ್ತಿನ ಗಾಡಿ, ಅದೂ ಇಲ್ಲದಿದ್ದರೆ ಛತ್ರಿ ಬಿಚ್ಚಿಕೊಂಡು ನಡೆಯುವುದು. ನನ್ನ ಬಾಯಿ ಸ್ವಲ್ಪ ಜೋರು ಎಂದು ಮೇಲಿನವರು ದೂರುತ್ತಿದ್ದರು. ಸುಳ್ಳಲ್ಲ.

ಆಗ ನಮ್ಮ ಕೈಯಲ್ಲಿದ್ದುದು ಸುರುಳಿ ಸುತ್ತಿದ ಬಣ್ಣದ ಚಿತ್ರಗಳು. ಧ್ವನಿವರ್ಧಕ, ಸಿನಿಮಾ ಪರದೆ ಎಲ್ಲ ಆಮೇಲೆ ಬಂದವು. ಒಮ್ಮೆ ಹೊಸ ಅಗ್ರಹಾರದ ಕಡೆ ಒಂದು ಮನೆಗೆ ಹೋಗಿದ್ದೆ. ನಾಲೆ ನೀರಿನ ಗದ್ದೆ, ಹಿತ್ತಿಲ ತುಂಬ ದನ, ಪಡಸಾಲೆಯಲ್ಲಿ ಆಳೆತ್ತರ ಭತ್ತದ ಚೀಲಗಳು. ನಾನು ಈಜಿಪ್ಟಿನ ಅರಸ ಫರೋಹನ ಕನಸಿನ ಚಿತ್ರವನ್ನು ಗೋಡೆಗೆ ನೇತುಹಾಕಿ, ಸುಗ್ಗಿಯನ್ನು ಬರ ನುಂಗುವ ಹಾಗೆ ಕೊಬ್ಬಿದ ಹಸುಗಳನ್ನು ಬಡಕಲು ಹಸುಗಳು ನುಂಗಿಬಿಟ್ಟವು ಎಂದು ಗಂಟಲು ತಗ್ಗಿಸಿ ಹೇಳಿದೆ. ಮನೆಯ ಯಜಮಾನಿ ಎದ್ದು ಬಂದು ಚಿತ್ರದೊಳಗಿನ ಕೊಬ್ಬಿದ ಹಸುವಿನ ಕೆಚ್ಚಲನ್ನೇ ನೋಡುತ್ತಾ, "ಇದ್ಯಾವ ಸೀಮೆ ತಳಿ ಅಮ್ಮಾ? ಎಷ್ಟು ಸೇರು ಕರೀತದೆ?" ಎಂದಳು.

ಸರಿ ಎಂದು ಇನ್ನೊಂದು ಕಥೆ ಹಿಡಿದೆ. ಬೆಳೆ ಹೆಚ್ಚಾಯಿತೆಂದು ಹಳೆಯ ಕಣಜ ಕೆಡವಿ ದೊಡ್ಡ ಕಣಜ ಕಟ್ಟಿಸಲು ಹೊರಟವನ ಕಥೆ, ಅದೇ ರಾತ್ರಿ ಅವನ ಪ್ರಾಣವನ್ನೇ ಕೇಳಿದ ಕಥೆ. ಆ ತಾಯಿ ಗಲ್ಲದ ಮೇಲೆ ಕೈಯಿಟ್ಟು ಕೇಳಿ ಕೊನೆಗೆ, "ಕಣಜ ಕಟ್ಟಿದ್ರೆ ತಪ್ಪೇನಮ್ಮ? ಇಲಿ ಕಾಟ ತಡಿಯಾಕಾಯ್ತದಾ?" ಎಂದಳು. ಅವಳು ಕೊಟ್ಟ ಮೊಸರನ್ನ ಉಂಡು ಬಂದೆ.

ನಮ್ಮ ಮೇಲ್ವಿಚಾರಕಿ ಮೈಸೂರಿನಲ್ಲಿದ್ದರು. ಮದುವೆಯಾಗದ, ತಲೆ ನರೆತ ಹೆಂಗಸು. ನಾವೆಲ್ಲ ಮಿಸ್ಸಮ್ಮನವರು ಎನ್ನುತ್ತಿದ್ದೆವು. ಈ ಇಲಿ ಪ್ರಸಂಗವನ್ನು ಅವರಿಗೆ ಹೇಳಿದಾಗ ಕನ್ನಡಕ ಜಾರುವಷ್ಟು ನಕ್ಕರು. ಆಮೇಲೆ ಕನ್ನಡಕ ಸರಿಮಾಡಿಕೊಂಡು, "ಹಸಿದವರು ತಾವೇ ಕಿವಿ ಕೊಡುತ್ತಾರೆ. ಉಂಡವರ ಕಿವಿ ತೆರೆಯುವುದನ್ನು ನಾನಂತೂ ಕಲಿಯಲಿಲ್ಲ. ನೀನು ಕಲಿತರೆ ನನಗೂ ಒಂದು ಮಾತು ಹೇಳು" ಎಂದರು. ಅಷ್ಟು ದೊಡ್ಡವರು ಹಾಗಂದದ್ದು ಕೇಳಿ ನನಗೆ ಒಂಥರಾ ಭಯವಾಯಿತು.

ಹಂಪಾಪುರದ ಕಡೆ ಒಂದು ಶಿವಭಕ್ತರ ಮನೆಗೂ ನಾನು ಆಗಾಗ ಹೋಗುತ್ತಿದ್ದೆ. ಅವರು ನಮ್ಮ ಸಭೆಯವರಲ್ಲ. ಆ ಮನೆಯ ಸೊಸೆಗೆ ಹೊಲಿಗೆ ಹೇಳಿಕೊಡುತ್ತಿದ್ದೆ. ಆ ವರ್ಷ ಅವರಿಗೆ ಬಂಗಾರದಂಥ ಬೆಳೆ. ಹೋಗಿ ನೋಡಿದರೆ ಬಾಗಿಲ ಮೇಲೆ ಕಣ್ಣು ಮೂಗು ಬರೆದ ಬೂದುಗುಂಬಳಕಾಯಿ ತೂಗುತ್ತಿದೆ, ಹೊಲದಲ್ಲಿ ಬೆದರುಬೊಂಬೆ ನಿಂತಿದೆ, ಅತ್ತೆಮ್ಮ ಹೊಸ ಸರವನ್ನು ಸೆರಗಿನಡಿ ಮುಚ್ಚಿಕೊಂಡಿದ್ದಾಳೆ. "ಕಣ್ಣು ಬಿದ್ದಾತು ಕಣಮ್ಮ" ಎಂದು ಪಿಸುಗುಟ್ಟಿದಳು. ನಾನು ಮನಸ್ಸಿನಲ್ಲೇ ನಕ್ಕೆ. ಬಸ್ಸಿನಲ್ಲಿ ವಾಪಸು ಬರುವಾಗ ಯೋಚನೆ ಹತ್ತಿತು. ಇರುವುದು ಹೋಗಲೂಬಹುದು ಎಂಬುದಾದರೂ ಇವರಿಗೆ ನೆನಪಿದೆ. ನಮ್ಮವರು ದೃಷ್ಟಿಗೆ ಹೆದರುವುದನ್ನು ಬಿಟ್ಟರು, ಒಳ್ಳೆಯದೇ. ಅದರ ಜೊತೆಗೆ ಆ ನೆನಪನ್ನೂ ಬಿಟ್ಟರೇ ಎಂದು ಅನುಮಾನ ಬಂತು. ಆ ಅನುಮಾನ ಯಾರ ಮೇಲೆ ಎಂದರೆ, ಬೇಲದಕೊಪ್ಪಲಿನ ದಾನಿಯೇಲಪ್ಪನ ಮೇಲೆ.

ಪಿರಿಯಾಪಟ್ಟಣದ ಕಡೆಯ ಕೊಪ್ಪದಲ್ಲಿ ಬಸ್ಸಿಳಿದು ಒಳಗೆ ನಡೆದರೆ ಬೇಲದಕೊಪ್ಪಲು ಸಿಗುತ್ತಿತ್ತು. ಕೆರೆಯ ಈಚೆ ಊರು, ಆಚೆ ನಮ್ಮ ಕ್ರೈಸ್ತರ ಬೀದಿ. ಗೋಡೆಗೆ ಗೋಡೆ ಅಂಟಿಕೊಂಡ ಹುಲ್ಲಿನ ಮನೆಗಳ ಒಂದೇ ಸಾಲು, ದಿಬ್ಬದ ಮೇಲೆ ಸಣ್ಣ ಚರ್ಚು. ಅಲ್ಲಿಯವರ ಅಜ್ಜಂದಿರು ದೊಡ್ಡ ಬರದಲ್ಲಿ ಹಸಿದು ಅಲೆದು ಬಂದು, ಯಾರೋ ಪಾದ್ರಿ ಕೊಟ್ಟ ಗಂಜಿ ಕುಡಿದು ಉಳಿದವರು. ಆ ಬೀದಿಗೊಂದು ಪದ್ಧತಿ ಇತ್ತು, ಬೇರೆಲ್ಲೂ ನಾನು ಕಂಡಿಲ್ಲ. ರಾಗಿ ಕೊಯ್ಲಾದ ಮೇಲೆ ಚರ್ಚಿನ ಸುಗ್ಗಿಹಬ್ಬದ ದಿನ, ಎಲ್ಲಕ್ಕಿಂತ ಮೊದಲು, ಬೀದಿಯ ಅತಿ ಹಿರಿಯರು ಒಂದು ಹಿಡಿ ರಾಗಿ ಹಿಡಿದು ನಿಂತು, "ನಾವು ಹಸ್ಕಂಡು ಬಂದೋರು. ಯಾರೋ ಗಂಜಿ ಕೊಟ್ರು, ಉಳ್ಕಂಡೋ. ಇದು ನಮ್ದಲ್ಲ, ಕೊಟ್ಟೋನ್ದು" ಎಂದು ಹೇಳಬೇಕು. ಆಮೇಲೆಯೇ ಹಾಡು, ಪ್ರಾರ್ಥನೆ. ನನ್ನ ಕಾಲದಲ್ಲಿ ಅದನ್ನು ಹೇಳುತ್ತಿದ್ದವಳು ಪುಟ್ಟಜ್ಜಿ. ಮೊದಲ ಸಲ ಕೇಳಿದಾಗ ಓದು ಬಾರದ ಮುದುಕಿ, ಮೊದಲ ಬೆಳೆ ದೇವರ ಮುಂದಿಡುವಾಗ ಹಿಂದಿನ ಕಷ್ಟ ನೆನೆಯಿರಿ ಎಂದ ಮೋಶೆಯ ಮಾತನ್ನೇ ಆಡುತ್ತಿದ್ದಾಳಲ್ಲ ಎಂದು ಬೆರಗಾಯಿತು.

ದಾನಿಯೇಲಪ್ಪ ಆ ಬೀದಿಯ ಕೂಲಿಯವನ ಮಗ. ಕೆಟ್ಟವನಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪು ಹಬ್ಬುತ್ತಿದ್ದ ಕಾಲ. ಅವನು ಯಾರದೋ ಬ್ಯಾರನ್ನಿನಲ್ಲಿ ಸೌದೆ ಒಟ್ಟುತ್ತಾ ಕೆಲಸ ಕಲಿತ. ಬ್ಯಾರನ್ ಎಂದರೆ ಎತ್ತರದ ಮಣ್ಣುಗೋಡೆಯ ಮನೆ. ಹೊರಗೆ ಒಲೆ, ಒಳಗೆ ನೆಲದ ಮೇಲೆ ದಪ್ಪ ತಗಡಿನ ಕೊಳವೆಗಳು. ಒಲೆಯ ಶಾಖ ಕೊಳವೆಯಲ್ಲಿ ಹರಿದು, ಮೇಲೆ ಕಡ್ಡಿಗೆ ಕಟ್ಟಿ ನೇತುಹಾಕಿದ ಹಸಿಸೊಪ್ಪನ್ನು ಹಳದಿಗೆ ತಿರುಗಿಸಿ ಒಣಗಿಸುತ್ತದೆ. ಬೇರೆಯವರು ಶಾಖ ತಿಳಿಯಲು ಉಷ್ಣಮಾಪಕ ನೋಡಿದರೆ ದಾನಿಯೇಲಪ್ಪ ಮೂಗಿನಲ್ಲೇ ತಿಳಿಯುತ್ತಿದ್ದ. ದೂರದಲ್ಲಿ ನಿಂತು ಗಾಳಿ ಮೂಸಿ, "ಇನ್ನೊಂದು ಕೊಳ್ಳಿ ಎಳೀರಲಾ" ಎನ್ನುತ್ತಿದ್ದ. ಹೇಳಿದ ಹಾಗೇ ಸೊಪ್ಪು ಬಂಗಾರದ ಬಣ್ಣಕ್ಕೆ ಬರುತ್ತಿತ್ತು.

ಸ್ವಂತ ಬ್ಯಾರನ್ ಕಟ್ಟಿದ. ಬೀದಿಯ ತುದಿಯಲ್ಲಿ ಹೆಂಚಿನ ದೊಡ್ಡ ಮನೆ ಎದ್ದಿತು. ಬೀದಿಯ ಮಕ್ಕಳ ಶಾಲೆಯ ಖರ್ಚು ಅವನದೇ, ಚರ್ಚಿಗೆ ಹೊಸ ಬೆಂಚುಗಳು ಅವನವೇ. ಸಭೆಯ ಹಿರಿಯನಾದ. ನಮ್ಮ ಸಭಾಪಾಲಕರು, ನಾವು ಅಯ್ಯನವರು ಎನ್ನುತ್ತಿದ್ದ ಸಾಧು ಮನುಷ್ಯರು, ಅವನ ಮುಂದೆ ಕೂತಾಗ ಕುರ್ಚಿಯ ತುದಿಯಲ್ಲಿ ಕೂರತೊಡಗಿದರು.

ಅವನ ಹೆಂಡತಿ ಕರುಣಮ್ಮ ನನ್ನ ಗೆಳತಿ. ಅವಳಿಗೆ ಅಕ್ಷರ ಕಲಿಸಿದವಳು ನಾನು. ಒಂದು ದಿನ ಹಿತ್ತಿಲಲ್ಲಿ ಸೊಪ್ಪು ಕಡ್ಡಿಗೆ ಕಟ್ಟುತ್ತಾ ಅವಳು ಹೇಳಿದಳು. "ವೇದದಮ್ಮ, ನಮ್ಮೆಜಮಾನ್ರ ಪ್ರಾರ್ಥನೆ ಬದಲಾಗದೆ ಕಣ್ರೀ. ಮುಂಚೆ ಕಣ್ ಮುಚ್ಕಂಡು ಕೇಳ್ತಿದ್ರು. ಈಗ ದೇವ್ರಿಗೆ ವರದಿ ಒಪ್ಪಿಸ್ತಾರೆ. ನೀನು ನಮ್ ಕಡೆ ಇದ್ದೀಯ ಅಂತ ಊರಿಗೆಲ್ಲ ಗೊತ್ತಾಗದೆ ಸ್ವಾಮಿ, ಅಂತಾರೆ."

ನಾನು ನಕ್ಕೆ. ಅವಳು ನಗಲಿಲ್ಲ.

"ಎರಡ್ನೇ ಬ್ಯಾರನ್ ಎಲ್ಲಿ ಕಟ್ತಾವ್ರೆ ನೋಡಿದ್ರಾ? ಪುಟ್ಟಜ್ಜಿ ಮನೆ ಪಕ್ಕ. ದಾರೀಲಿ ಹೋಗೋರಿಗೆಲ್ಲ ಕಾಣ್ಲಿ ಅಂತ. ಎಲ್ಲಾ ಹುಲ್ಲಿನ ಮನೆ. ಒಂದ್ ಕಿಡಿ ಹಾರಿದ್ರೆ ಬೀದಿಯೇ ಹೋಯ್ತದೆ. ಆ ಮುದುಕಿ ಮಂಚ ಬಿಟ್ಟು ಏಳೋ ಹಂಗಿಲ್ಲ. ನೀವಾದ್ರೂ ಒಂದ್ ಮಾತು ಹೇಳಿ."

ಹೇಳಿದೆ. ಪುಟ್ಟಜ್ಜಿಗೆ ಆಗಲೇ ಸೊಂಟ ಬಿದ್ದು ಹೋಗಿತ್ತು, ಮಂಚದಿಂದ ಎತ್ತಿಯೇ ಇಳಿಸಬೇಕು. ದಾನಿಯೇಲಪ್ಪ ನನಗೆ ಕಾಫಿ ತರಿಸಿ, ಗೌರವದಿಂದ ಎದುರಿಗೆ ಕೂತ. "ನೀವು ಹೆಂಗಸರು ಸುಮ್ಮನೆ ಹೆದರ್ತೀರಿ. ಇಷ್ಟು ವರ್ಷ ನನ್ ಬ್ಯಾರನ್ನಾಗೆ ಒಂದ್ ಎಲೆ ಸುಟ್ಟದಾ? ಊರೋರ ಬ್ಯಾರನ್ ಸುಟ್ಟೋದ್ವು, ನಂದು ಮುಟ್ಲಿಲ್ಲ. ಯಾಕೆ ಹೇಳಿ?" ಎಂದು ಮೇಲೆ ಕೈ ತೋರಿಸಿದ.

"ದೇವರು ಊರವರಿಗೂ ದೇವರೇ ಅಲ್ವಾ ದಾನಿಯೇಲಪ್ಪನವರೇ?" ಎಂದೆ.

"ಅದು ಸರಿ. ಆದ್ರೂ ಒಂದ್ ವ್ಯತ್ಯಾಸ ಇದ್ದೇ ಅದೆ, ನೀವೇ ನೋಡ್ತಾ ಇದ್ದೀರಲ್ಲ" ಎಂದ. ದೇವರ ಒಲವಿಗೆ ತನ್ನ ಹೆಂಚಿನ ಮನೆಯೇ ಸಾಕ್ಷಿ ಎಂದು ಅವನು ನಂಬಿದ್ದ. ನಂಬಿದವನ ಜೊತೆ ವಾದ ಮಾಡಬಹುದು. ಸುಖವೇ ನಂಬಿಕೆಯಾಗಿ ಕೂತವನ ಜೊತೆ ಹೇಗೆ ಮಾಡುವುದು? ಕಾಫಿ ಮಾತ್ರ ಚೆನ್ನಾಗಿತ್ತು.

ಅದರ ಮುಂದಿನ ವರ್ಷ ಸುಗ್ಗಿಹಬ್ಬವನ್ನೇ ಅವನು ಸರಿಸಿದ. ಬೀದಿಯಲ್ಲಿ ರಾಗಿ ಬಿತ್ತುವವರೇ ಕಡಿಮೆಯಾಗಿದ್ದರು, ಎಲ್ಲರದೂ ಹೊಗೆಸೊಪ್ಪು, ಹೊಗೆಸೊಪ್ಪಿನ ಕೂಲಿ. ರಾಗಿ ಕೊಯ್ಲಿನವರೆಗೆ ಯಾಕೆ ಕಾಯಬೇಕು, ಸೊಪ್ಪಿನ ಕಾಲದಲ್ಲೇ ಹಬ್ಬ ಮಾಡೋಣ, ಮೈಸೂರಿನಿಂದ ದೊಡ್ಡವರನ್ನು ಕರೆಸೋಣ ಎಂದ. ಸಭೆಯವರೂ ಸಂತೋಷದಿಂದ ಒಪ್ಪಿದರು. ಅವನೊಬ್ಬನೇ ಬೀಗಿದ್ದ ಎಂದರೆ ಅನ್ಯಾಯವಾಗುತ್ತದೆ. ಮದುವೆ ಮನೆಗಳಲ್ಲಿ, "ನಮ್ ಬೀದಿ ಥರ ಯಾವ್ ಸಭೆ ಅದೆ ತೋರ್ಸಿ" ಎನ್ನುವವರು ಹಲವರಿದ್ದರು.

ಆಗ ಒಂದು ಜಗಳ ಹುಟ್ಟಿತು. ಪ್ರಥಮಫಲವಾಗಿ, ಅಂದರೆ ಮೊದಲ ಬೆಳೆಯ ಕಾಣಿಕೆಯಾಗಿ, ಹೊಗೆಸೊಪ್ಪನ್ನು ದೇವರ ಮುಂದೆ ಇಡಬಹುದೋ ಇಡಬಾರದೋ? ಸೇದಬೇಡಿ ಎಂದು ಭಾನುವಾರ ಬೋಧಿಸುವ ಅಯ್ಯನವರು ಸಂದಿಗ್ಧಕ್ಕೆ ಸಿಕ್ಕಿದರು. ಕೊನೆಗೆ ಅವರು ತೀರ್ಪು ಕೊಟ್ಟರು. ಇಡಬಹುದು, ಆದರೆ ಎಡಗಡೆ, ಕಿಟಕಿಯ ಹತ್ತಿರ ಇಡಬೇಕು. ನಾನು ನಗು ತಡೆಯಲು ಸೆರಗನ್ನು ಬಾಯಿಗೆ ತುರುಕಿಕೊಂಡೆ.

ನಗು ಬಾರದ ವಿಷಯ ಇನ್ನೊಂದಿತ್ತು. "ಪುಟ್ಟಜ್ಜಿ ಮನೇಲೇ ಮಲ್ಗಿರ್ಲಿ ಬುಡಿ. ಮಂಚದ ಮ್ಯಾಲೆ ಹೊತ್ಕಂಡು ಬಂದ್ರೆ ದೊಡ್ಡೋರ ಮುಂದೆ ಚೆನ್ನಾಗಿರಾಕಿಲ್ಲ. ಆ ಗಂಜಿ ಕತೇನೂ ಬ್ಯಾಡ. ಯಾವತ್ತೋ ಹಸ್ದಿದ್ದಕ್ಕೆ ಇವತ್ಯಾಕೆ ಡಂಗುರ?" ಎಂದು ದಾನಿಯೇಲಪ್ಪ ಸಭೆಯಲ್ಲೇ ಹೇಳಿದ. ಅಯ್ಯನವರು ನೆಲ ನೋಡಿದರು. ನಾನು ಎದ್ದು ನಿಂತು, ಅದು ತಪ್ಪು ಎಂದೆ. ಹೆಂಗಸರ ಸಾಲು ನನ್ನನ್ನೇ ನೋಡಿತು. ಗಂಡಸರ ಸಾಲು ಗಡಿಯಾರ ನೋಡಿತು. ಹೊಸಬರು ಇದನ್ನು ತಿಳಿದಿರಬೇಕು. ನಾವು ಸರಿಯಾದದ್ದನ್ನು ಸರಿಯಾದ ಹೊತ್ತಿಗೆ ಹೇಳಿದರೂ ಎಷ್ಟೋ ಸಲ ಏನೂ ಆಗುವುದಿಲ್ಲ.

ಹಬ್ಬದ ದಿನ ಬೆಳಿಗ್ಗೆ ನಾನು ಕರುಣಮ್ಮನ ಮನೆಯಲ್ಲಿದ್ದೆ. ವಾರದಿಂದ ಮಳೆ ಹಿಂದೆ ಸರಿದು ಒಳ್ಳೆಯ ಬಿಸಿಲು ಬಿದ್ದಿತ್ತು, ಬೀಸುಗಾಳಿಯೂ ಇತ್ತು. ಹೊಸ ಬ್ಯಾರನ್ನಿನಲ್ಲಿ ಸೊಪ್ಪು ಕೊನೆಯ ದಿನದ ಶಾಖದಲ್ಲಿತ್ತು. ಕೊನೆಯ ದಿನವೇ ಅಪಾಯ. ಎಲೆ ಗರಿಗರಿಯಾಗಿರುತ್ತದೆ, ಕೊಳವೆ ಕೆಂಪಗೆ ಕಾದಿರುತ್ತದೆ, ಒಂದು ಎಲೆ ಕಳಚಿ ಬಿದ್ದರೆ ಮುಗಿಯಿತು. ಅವತ್ತು ಒಲೆಯ ಮುಂದೆ ಆಳು ಕದಲಬಾರದು. ಇದನ್ನು ನನಗೆ ಹೇಳಿದವನೇ ದಾನಿಯೇಲಪ್ಪ.

ಅವನು ಬಿಳಿ ಪಂಚೆ, ಇಸ್ತ್ರಿ ಮಾಡಿದ ಕೋಟು ಹಾಕಿ ಬಂದು ಒಲೆಗೆ ನಾಲ್ಕು ದೊಡ್ಡ ಕೊರಡು ತುಂಬಿಸಿ, ಒಲೆ ಕಾಯುತ್ತಿದ್ದ ಸಮಾಧಾನಪ್ಪನಿಗೆ, "ನಡೀಲಾ, ನೀನೂ ಚರ್ಚಿಗೆ ಬಾ. ಇವತ್ತು ನಮ್ ಬೀದಿಯೋರು ಒಬ್ರೂ ತಪ್ಪಬಾರ್ದು. ದೊಡ್ಡೋರು ಬಂದಾಗ ಚರ್ಚು ತುಂಬಿರ್ಬೇಕು" ಎಂದ.

ಸಮಾಧಾನಪ್ಪನ ಮನೆಯೂ ಅದೇ ಸಾಲಿನದು. ಅವನು ಹಿಂದೆ ಮುಂದೆ ನೋಡಿದ. ಕರುಣಮ್ಮ ನಡುವೆ ಬಂದಳು. "ಕೊನೇ ದಿನ ಕಣ್ರೀ. ಒಬ್ರಾದ್ರೂ ಇರ್ಲಿ."

"ದೇವ್ರ ಕೆಲ್ಸಕ್ಕೆ ಹೋಯ್ತಾ ಇವ್ನಿ. ನನ್ ಬ್ಯಾರನ್ನ ಅವ್ನು ನೋಡ್ಕಳಾಕಿಲ್ವಾ?" ಎಂದ ಅವನು ನನ್ನ ಕಡೆ ತಿರುಗಿ ನಕ್ಕ. "ದೇವ್ರು ಕಾಯದಿದ್ರೆ ಕಾವಲುಗಾರ ಎದ್ದಿದ್ದೂ ದಂಡ ಅಂತ ನೀವೇ ಓದಿ ಹೇಳಿದ್ದಲ್ವಾ ವೇದದಮ್ಮ?"

"ಹೌದು. ದೇವರು ಕಾಯ್ತಾನೆ, ಕಾವಲುಗಾರ ಎದ್ದು ಹೋಗಲಿ ಅಂತ ಅದರಲ್ಲಿಲ್ಲ" ಎಂದೆ.

"ನಿಮ್ ನಂಬಿಕೆ ಚಿಕ್ಕದು" ಎಂದು ಅವನು ಇನ್ನೂ ನಗುತ್ತಲೇ ಹೊರಟ. ಸಮಾಧಾನಪ್ಪ ಹಿಂದೆ ಹೋದ. ನಮಗೂ ಚರ್ಚಿನಲ್ಲಿ ಊಟದ ಕೆಲಸ, ಹಾಡಿನ ಕೆಲಸ. ಕರುಣಮ್ಮ ಒಂದು ಗಳಿಗೆ ಒಲೆಯನ್ನೂ ಪಕ್ಕದ ಹುಲ್ಲಿನ ಸೂರನ್ನೂ ನೋಡುತ್ತಾ ನಿಂತಳು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ, "ಇವತ್ತು ಬೈಸಿಕೊಂಡ್ರೂ ಸರಿ" ಎಂದು ಪುಟ್ಟಜ್ಜಿಯ ಮನೆಯೊಳಗೆ ನುಗ್ಗಿದಳು. ಗಂಡನ ಮಾತನ್ನು ಅವಳು ಮೀರಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ನಾವಿಬ್ಬರೂ ಇನ್ನಿಬ್ಬರು ಹೆಂಗಸರನ್ನು ಕೂಗಿ, ಅಜ್ಜಿಯನ್ನು ಮಂಚದ ಸಮೇತ ಎತ್ತಿದೆವು. ದಿಬ್ಬ ಹತ್ತುವಾಗ ಅಜ್ಜಿ, "ನಿಧಾನ ಕಣ್ರವ್ವ, ಇನ್ನೂ ಸತ್ತಿಲ್ಲ" ಎಂದು ಗೊಣಗುತ್ತಿದ್ದಳು. ಚರ್ಚಿನ ಪಕ್ಕದ ಬಾಗಿಲಲ್ಲಿ, ಯಾರ ಕಣ್ಣಿಗೂ ಹೆಚ್ಚು ಬೀಳದಂತೆ, ಮಂಚ ಇಳಿಸಿದೆವು.

ಚರ್ಚು ಕಿಕ್ಕಿರಿದಿತ್ತು. ಮಾವಿನ ತೋರಣ, ಬಾಳೆಕಂದು, ಎಡಗಡೆ ಕಿಟಕಿಯ ಹತ್ತಿರ ಬಂಗಾರದ ಬಣ್ಣದ ಹೊಗೆಸೊಪ್ಪಿನ ಕಟ್ಟು. ಮೈಸೂರಿನಿಂದ ಬಂದ ಹಿರಿಯರು ಎದುರು ಕುರ್ಚಿಯಲ್ಲಿ ಕೂತಿದ್ದರು. ಹಾಡಾಯಿತು, ಪ್ರಾರ್ಥನೆಯಾಯಿತು. ಆಮೇಲೆ ದಾನಿಯೇಲಪ್ಪ ಸಾಕ್ಷಿ ಹೇಳಲು, ಅಂದರೆ ದೇವರು ತನಗೆ ಮಾಡಿದ ಉಪಕಾರ ಹೇಳಲು ಎದ್ದ. ಒಳ್ಳೆಯ ಮಾತುಗಾರ. ಕೂಲಿಯವನ ಮಗ ತಾನು ಹೇಗೆ ಎದ್ದೆ ಎಂದು ಹೇಳುತ್ತಿದ್ದರೆ ನನಗೇ ಕಣ್ಣು ತುಂಬಿ ಬಂತು. ಕೊನೆಗೆ ಅವನು ಎರಡೂ ಕೈ ಚಾಚಿ ದನಿ ಏರಿಸಿದ.

"ದೇವ್ರು ನಮ್ ಬೀದಿ ಸುತ್ತ ಬೇಲಿ ಕಟ್ಟವ್ನೆ. ಇನ್ ಮ್ಯಾಲೆ ನಮ್ಮನ್ನ ಅಲ್ಲಾಡಿಸೋರು ಯಾರೂ..."

ಅಲ್ಲಿಗೆ ನಿಂತ. ಬಾಯಿ ತೆರೆದೇ ಇತ್ತು. ಮೂಗಿನ ಹೊಳ್ಳೆ ಅರಳಿತು. ನಮಗೆ ಯಾರಿಗೂ ಏನೂ ಗೊತ್ತಾಗಲಿಲ್ಲ, ಕಿಟಕಿಯಿಂದ ಗಾಳಿ ಬರುತ್ತಿತ್ತು ಅಷ್ಟೇ. ಅವನ ಮುಖದಿಂದ ರಕ್ತ ಇಳಿದು ಹೋದದ್ದನ್ನು ನಾನು ಕಣ್ಣಾರೆ ಕಂಡೆ. ಸುಖವಾಗಿದ್ದಾಗ ನಾನು ಎಂದೂ ಕದಲುವುದಿಲ್ಲ ಎಂದುಕೊಂಡೆ, ದೇವರು ಮುಖ ಮರೆಸಿಕೊಂಡಾಗ ತತ್ತರಿಸಿ ಹೋದೆ ಎಂದು ದಾವೀದ ಅರಸನು ಹೇಳಿಕೊಂಡದ್ದನ್ನು ನಾನು ನೂರಾರು ಮನೆಗಳಲ್ಲಿ ಓದಿದ್ದೇನೆ. ಅದರ ಅರ್ಥ ಆ ಗಳಿಗೆಯಲ್ಲಿ ಆಯಿತು. ಮುಂಡಾಸಿನವರು, ಕೋಟಿನವರು, ಎಲ್ಲರ ನಡುವೆ ಒಬ್ಬ ಮನುಷ್ಯ ಒಂಟಿಯಾಗಿ ನಿಂತಿದ್ದ, ಮತ್ತು ಏನಾಗಿದೆಯೆಂದು ಅವನೊಬ್ಬನಿಗೇ ಗೊತ್ತಿತ್ತು.

"ಬ್ಯಾರನ್ನು" ಎಂದ. ಕೂಗಲೂ ಇಲ್ಲ. ಆಮೇಲೆ ಓಡಿದ.

ನಾವು ದಿಬ್ಬದ ಅಂಚಿಗೆ ಬಂದು ನೋಡುವಾಗ ಬ್ಯಾರನ್ನಿನ ಸೂರು ಬಾಯಿ ತೆರೆದುಕೊಂಡಿತ್ತು. ಅಂಥ ಬೆಂಕಿಯನ್ನು ನಾನು ಮೊದಲು ಕಂಡಿರಲಿಲ್ಲ, ಮತ್ತೆ ಕಾಣಲಿಲ್ಲ. ನಡುಮಧ್ಯಾಹ್ನದ ಬಿಸಿಲಿನಲ್ಲೂ ಅದು ಬೆಳಕಾಗಿ ಕಾಣುತ್ತಿತ್ತು. ಗಾಳಿ ಒಂದು ಸಲ ಬೀಸಿತು. ಪಕ್ಕದ ಪುಟ್ಟಜ್ಜಿಯ ಮನೆಯ ಸೂರು ಒಮ್ಮೆಗೇ ಎದ್ದು ಕುಸಿಯಿತು. ಕಣ್ಣು ಮಿಟುಕಿಸುವಷ್ಟು ಹೊತ್ತು, ಅಷ್ಟೇ. ಆಮೇಲೆ ಪಕ್ಕದ್ದು, ಅದರ ಪಕ್ಕದ್ದು. ಕರುಣಮ್ಮ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಇಬ್ಬರೂ ಒಟ್ಟಿಗೆ ಹಿಂದೆ ತಿರುಗಿ ನೋಡಿದೆವು. ಚರ್ಚಿನ ಪಕ್ಕದ ಬಾಗಿಲಲ್ಲಿ ಅಜ್ಜಿ ಮಂಚದ ಮೇಲೆ ಮೊಣಕೈ ಊರಿ ಎದ್ದು, ಏನದು ಎಂದು ಕೇಳುತ್ತಿದ್ದಳು.

ಕೆರೆಯ ಆಚೆಯಿಂದ ಊರಿನವರು ನಮಗಿಂತ ಮೊದಲೇ ಓಡಿ ಬಂದಿದ್ದರು. ಕೊಡ, ಬಿಂದಿಗೆ, ನೆನೆಸಿದ ಗೋಣಿ. ಮಹದೇವಪ್ಪ ಎಂಬ ಶಿವಭಕ್ತರು, ತಮ್ಮ ಬ್ಯಾರನ್ ಹಿಂದೊಮ್ಮೆ ಸುಟ್ಟುಕೊಂಡವರು, ಕೆರೆಯಿಂದ ಬೀದಿಯವರೆಗೆ ಜನರನ್ನು ಸಾಲಾಗಿ ನಿಲ್ಲಿಸುತ್ತಿದ್ದರು. ಸಾಲಿನಲ್ಲಿ ಯಾರ ಕೈಯ ನೀರು ಯಾರು ಮುಟ್ಟುವುದು ಎಂದು ಯಾರೋ ಹಿಂಜರಿದಾಗ, "ಬೆಂಕಿಗೆ ಅದೆಲ್ಲ ಗೊತ್ತಾಯ್ತದೇನ್ರಲಾ? ಕೊಡ್ರಲಾ ಇತ್ಲಾಗೆ" ಎಂದು ಗದರಿದರು. ಮೈಸೂರಿನ ಹಿರಿಯರೂ ಕೋಟು ಬಿಚ್ಚಿಟ್ಟು ಬಿಂದಿಗೆ ದಾಟಿಸುತ್ತಾ ನಿಂತರು. ಅಯ್ಯನವರ ಬಿಳಿ ನಿಲುವಂಗಿ ಮಸಿಯಾಗಿ ಹೋಯಿತು. ಅಷ್ಟಾದರೂ ಸಾಲಿನ ಮನೆಗಳೆಲ್ಲ ಹೋದವು. ಬಟ್ಟೆ, ಕಾಳು, ಪಾತ್ರೆ, ಒಂದೂ ಉಳಿಯಲಿಲ್ಲ. ಒಂದು ಜೀವವೂ ಹೋಗಲಿಲ್ಲ. ಬೀದಿಯ ತುದಿಯ ಹೆಂಚಿನ ಮನೆ ಮಾತ್ರ ಹಾಗೇ ನಿಂತಿತ್ತು.

ಇದು ದೇವರ ಶಿಕ್ಷೆ ಎಂದು ಆಮೇಲೆ ಹಲವರು ಬೋಧಿಸಿದರು. ನಾನು ಬೋಧಿಸಲಿಲ್ಲ. ಕೊನೆಯ ದಿನದ ಒಲೆಯನ್ನು ಬಿಟ್ಟುಹೋದರೆ ಬ್ಯಾರನ್ ಹತ್ತಿಕೊಳ್ಳುತ್ತದೆ, ಅದಕ್ಕೆ ದೇವರು ಬೇಕಿಲ್ಲ. ಶಿಕ್ಷೆಯಾದರೆ ಸಮಾಧಾನಪ್ಪನ ಮನೆ ಸುಟ್ಟು ದಾನಿಯೇಲಪ್ಪನ ಮನೆ ಉಳಿಯುವುದು ಎಲ್ಲಿಯ ನ್ಯಾಯ? ದೇವರನ್ನು ನಾನು ಕಂಡದ್ದು ಬೆಂಕಿಯಲ್ಲಲ್ಲ, ಬೆಂಕಿ ಆರಿದ ಮೇಲೆ.

ಹೊತ್ತು ಇಳಿಯುತ್ತಿತ್ತು. ಬೀದಿಯವರೆಲ್ಲ ಹುಣಸೆಮರದ ಕೆಳಗೆ ಕೂತಿದ್ದರು. ಹಬ್ಬಕ್ಕೆ ಮಾಡಿದ ಅನ್ನ ಇತ್ತು, ಯಾರಿಗೂ ಇಳಿಯಲಿಲ್ಲ. ಪಶ್ಚಿಮದಲ್ಲಿ ಮತ್ತೆ ಮೋಡ ಕಟ್ಟತೊಡಗಿತ್ತು, ಮಕ್ಕಳು ಅಳುತ್ತಿದ್ದರು. ದಾನಿಯೇಲಪ್ಪ ಬೂದಿಯೊಳಗಿಂದ ಬಂದ. ಕೋಟಿಲ್ಲ, ಪಂಚೆ ಮೊಣಕಾಲಿಗೆ ಸುಟ್ಟಿತ್ತು, ಎರಡೂ ಅಂಗೈ ಬೊಕ್ಕೆ ಎದ್ದಿತ್ತು. ಮರದ ನೆರಳಿನ ಅಂಚಿನಲ್ಲಿ ನಿಂತು, "ಮನೇಗ್ ಬನ್ನಿ" ಎಂದ. "ಬಾಗ್ಲು ತೆಗ್ದದೆ. ಎಲ್ರೂ ಬನ್ನಿ. ಮನೆಗಳು ಮತ್ತೆ ಏಳೋವರ್ಗೂ ಅಲ್ಲೇ ಇರಿ."

ಯಾರೂ ಅಲುಗಾಡಲಿಲ್ಲ. ಸಮಾಧಾನಪ್ಪ ತಲೆಯೆತ್ತದೆ ಹೇಳಿದ. "ಒಲೆ ಕಾಯ್ತಿದ್ದೋನ್ನ ಬಿಡ್ಸಿ ಕರ್ಕಂಡೋದೆ. ಈಗ ನಿನ್ ಹೆಂಚಿನ ಕೆಳಗೆ ನನ್ ಮಕ್ಳನ್ನ ಮಲಗಿಸ್ಲಾ? ಮಳೇಲಿ ನೆಂದು ಸತ್ರೂ ಆ ಹೊಸ್ಲು ತುಳಿಯಾಕಿಲ್ಲ." ಬೇರೆಯವರೂ ಹೂಂಗುಟ್ಟಿದರು. ಒಬ್ಬ ಹೆಂಗಸು ಉಗಿದಳು.

ಅಷ್ಟು ವರ್ಷ ವೇದ ಓದಿದ ನನಗೆ ಒಂದು ಮಾತೂ ಸಿಗಲಿಲ್ಲ. ದಾನಿಯೇಲಪ್ಪ ವಾದಿಸಲಿಲ್ಲ, ಅಳಲಿಲ್ಲ. ತನ್ನ ಕೈಯನ್ನೇ ನೋಡುತ್ತಾ ನಿಂತಿದ್ದ. ಕರುಣಮ್ಮನ ಕಣ್ಣು ಅವನ ಮೇಲಿತ್ತು. ಇವರು ಇವತ್ತು ಬಾರದಿದ್ದರೆ ಆ ಮನೆಯಲ್ಲಿ ಇನ್ನು ಬಾಳುವುದು ಹೇಗೆ ಎಂಬುದು ಅವಳ ಮುಖದ ಮೇಲೆ ಬರೆದ ಹಾಗಿತ್ತು.

ಆಗ ಮಂಚದ ಮೇಲಿಂದ ಪುಟ್ಟಜ್ಜಿಯ ದನಿ ಬಂತು. "ನನ್ ಮಂಚ ಎತ್ರಲಾ."

"ಎಲ್ಲಿಗಜ್ಜಿ?" ಎಂದ ಸಮಾಧಾನಪ್ಪ.

"ದಾನಿ ಮನೆಗೆ. ಮಳೆ ಬತ್ತದೆ."

"ನಿನ್ನನ್ನ ಸಾಯಾಕ್ ಬಿಟ್ಟೋನ ಮನೆಗಾ?"

ಅಜ್ಜಿಗೆ ಮಾತಾಡುವುದೇ ಶ್ರಮ. "ಅವನ್ಗೆ ಇದ್ದಾಗ ಸೊಕ್ಕು ಬಂತು. ನಿಂಗೆ ಇಲ್ದಿದ್ದಾಗ ಬಂದದೆ. ಎರಡೂ ಒಂದೇ ಸೊಕ್ಕು ಕಣ್ಲಾ. ಎತ್ತು ಮಂಚನ" ಎಂದಳು.

ಭಯಭಕ್ತಿ ಎಂಬ ಪದವನ್ನು ಸಾವಿರ ಸಲ ಉಚ್ಚರಿಸಿದ್ದೇನೆ, ಅದು ಮೈಗೆ ತಗುಲಿದ್ದು ಆಗ. ಮಿಸ್ಸಮ್ಮನವರು ಕೇಳಿದ್ದು ಉಂಡವರಿಗೆ ಹೇಗೆ ಹೇಳಬೇಕೆಂದು. ಎಲ್ಲ ಕಳೆದುಕೊಂಡವರಿಗೆ ಇಂಥ ಮಾತು ಹೇಳುವ ಧೈರ್ಯ, ತಾನೂ ಎಲ್ಲ ಕಳೆದುಕೊಂಡ ಮುದುಕಿಯೊಬ್ಬಳಿಗೇ ಇರಲು ಸಾಧ್ಯವಿತ್ತು. ಬೇರೆ ಯಾರು ಹೇಳಿದ್ದರೂ ಸಮಾಧಾನಪ್ಪ ಕೈಯೆತ್ತುತ್ತಿದ್ದನೇನೋ.

ಅವನು ಕೊನೆಗೆ ಎದ್ದು, ಟವಲು ಕೊಡವಿ, ಮಂಚದ ಒಂದು ಕಾಲು ಹಿಡಿದ. ಇನ್ನು ಮೂವರು ಬಂದರು. ಅಜ್ಜಿಯ ಮಂಚ ಮುಂದೆ, ಅದರ ಹಿಂದೆ ಮಕ್ಕಳು, ಹೆಂಗಸರು, ಕೋಳಿ, ಕುರಿ, ಇಡೀ ಬೀದಿ ಬೂದಿಯ ಪಕ್ಕದಲ್ಲೇ ನಡೆದು ಹೋಯಿತು. ಮಳೆಯ ಮೊದಲ ಹನಿ ಬೀಳತೊಡಗಿತ್ತು. ಮಂಚವನ್ನು ನಡುಮನೆಯಲ್ಲಿ ಇಳಿಸಿದರು. ಜನ ಗೋಡೆಗೆ ಒರಗಿ, ಒಬ್ಬರಿಗೊಬ್ಬರು ಅಂಟಿಕೊಂಡು ಕೂತರು. ಆ ದೊಡ್ಡ ಮನೆ ತುಂಬಿಹೋಯಿತು.

ದಾನಿಯೇಲಪ್ಪ ಮಾತ್ರ ಹೊರಗೆ ಮಳೆಯಲ್ಲೇ ಉಳಿದಿದ್ದ. ಕರುಣಮ್ಮ ಕರೆಯಲು ಹೋದಳು. ಅವನು ಅವಳ ಕಡೆ ನೋಡದೆ, ಬಾಗಿಲಿಂದಾಚೆ ನಿಂತು ಒಳಗಿನ ಮಂಚದ ಕಡೆ ಕೇಳಿದ.

"ಅಜ್ಜಿ, ನಾನೂ ಒಳಕ್ಕೆ ಬರ್ಲಾ?"

ಪುಟ್ಟಜ್ಜಿ ಮಂಚದ ಮೇಲೆ ಸ್ವಲ್ಪ ಸರಿದುಕೊಂಡು ಸಮಾಧಾನಪ್ಪನ ಮುಖ ನೋಡಿದಳು. ಅವನು ಕಾಲು ಮಡಚಿಕೊಂಡು ಪಕ್ಕದಲ್ಲಿ ಒಬ್ಬರು ಕೂರುವಷ್ಟು ನೆಲ ಬಿಟ್ಟ.

"ಬಾ ಮಗ. ಜಾಗ ಅದೆ" ಎಂದಳು ಅಜ್ಜಿ.

ಆ ಮನೆಯ ಬಾಗಿಲು ಎತ್ತರದ್ದು, ಯಾರೂ ಬಗ್ಗಬೇಕಾಗಿರಲಿಲ್ಲ. ಅವನು ಬಗ್ಗಿಯೇ ಒಳಗೆ ಬಂದ.